ಸೊಳ್ಳೆಗೆ ಕಾಲು ಕೊಟ್ಟವನು

ನಗೋ ವಿಷಯ ಹುಡುಕ್ಕೊಂಡು ಹೋದರೆ ಸಿಗೋದಿಲ್ಲ. ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂತಿರಿ, ಅದೇ ರಸ್ತೆ ಪಕ್ಕ ನಿಂತು ಕೈ ಅಡ್ಡ ಹಾಕುತ್ತೆ.

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು. ಆಮೇಲೆ ಒಂದು ಕಡೆ ನಿಂತವನಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೆಂಕಿ ಹಾಕಿದೆ, ಮದ್ದೂರು ಮಾರ್ಕೆಟ್ಟಿನಲ್ಲಿ ಲಾರಿಗೆ ಎಳನೀರು ತುಂಬಿದೆ, ಮಳವಳ್ಳಿ ಲೈನಿನ ಪ್ರೈವೇಟ್ ಬಸ್ಸಿನಲ್ಲಿ 'ರೈಟ್ ರೈಟ್' ಅಂದೆ. ಯಾವ ಕೆಲಸದಲ್ಲೂ ಎರಡು ಯುಗಾದಿ ಕಂಡವನಲ್ಲ. ಈಗ ಮಂಡ್ಯದಲ್ಲಿ ಒಬ್ಬ ಮಿಲಿಟರಿ ನರ್ಸಮ್ಮನವರ ಹಳೇ ಕಾರು ಓಡಿಸ್ತೀನಿ. ಮೇಜರ್ ಆಗಿ ರಿಟೈರಾದವರು, ಎಪ್ಪತ್ತು ದಾಟಿದೆ. ನಾನು ಮೇಜರಮ್ಮ ಅಂತೀನಿ. ಆರು ಗಂಟೆಗೆ ಹೊರಡೋಣ ಅಂದರೆ ಐದು ಐವತ್ತಕ್ಕೇ ಸೀಟಿನಲ್ಲಿ ಕೂತು ಗಡಿಯಾರ ನೋಡ್ತಿರ್ತಾರೆ.

ಮೇಜರಮ್ಮ ಒಂದು ಪುಸ್ತಕ ಬರೀತಿದ್ದಾರೆ. ನಾಲೆ ನೀರು ಬಂದ ಹೊಸದರಲ್ಲಿ ನಮ್ಮ ಸೀಮೆಗೆ ನೀರಿನ ಹಿಂದೆಯೇ ಚಳಿಜ್ವರವೂ ಬಂತಂತೆ. ಮನೆಮನೆಯಲ್ಲೂ ಕಂಬಳಿ ಹೊದ್ದು ನಡುಗೋರೇ. ಆಗ ಡಾಕ್ಟರುಗಳು ಊರೂರು ತಿರುಗಿ, ಯಾವ ಸೊಳ್ಳೆ ಜ್ವರ ತರುತ್ತೆ ಅಂತ ಪತ್ತೆ ಮಾಡಿದರಂತೆ. ಅದರ ಕಥೆ. ಮೇಜರಮ್ಮನ ಹತ್ತಿರ ಆ ಕಾಲದ ಒಂದು ಇಂಗ್ಲಿಷ್ ವರದಿಯ ಜೆರಾಕ್ಸ್ ಇದೆ. ಬೆಳಗಿನ ಜಾವ ದನದ ಕೊಟ್ಟಿಗೆಯಲ್ಲಿ ಕಾಲು ಚಾಚಿ ಕೂತು, ಕಚ್ಚೋಕೆ ಬಂದ ಸೊಳ್ಳೆ ಹಿಡಿದು ಡಾಕ್ಟರಿಗೆ ಕೊಡುತ್ತಿದ್ದ ಒಬ್ಬ ಹುಡುಗನ ಮಾತು ಅದರಲ್ಲಿ ಬರುತ್ತೆ. 'ಹುಡುಗ, ಕೊತ್ತತ್ತಿ ಕಡೆಯವನು' ಅಂತ ಬರೆದಿದೆ, ಅಷ್ಟೇ.

"ಡಾಕ್ಟರುಗಳಿಗೆಲ್ಲ ಹೆಸರಿದೆ. ಸೊಳ್ಳೆಗೂ ಎರಡೆರಡು ಹೆಸರಿದೆ. ಕಾಲು ಕೊಟ್ಟವನಿಗೆ ಒಂದು ಹೆಸರಿಲ್ಲವಲ್ಲೋ," ಅಂದರು ಮೇಜರಮ್ಮ. "ಬದುಕಿದ್ದರೆ ಹುಡುಕಲೇಬೇಕು. ಅವನ ಹೆಸರಿಲ್ಲದೆ ಪುಸ್ತಕ ಅಚ್ಚಿಗೆ ಕಳಿಸಲ್ಲ."

ಕೊತ್ತತ್ತಿ ಸುತ್ತಮುತ್ತ ಕೇಳಿದೆವು. ಯಾರಿಗೂ ಗೊತ್ತಿಲ್ಲ. ಊರು ಬಿಟ್ಟಿರಬೇಕು ಅಂತ ಮೂರು ತಾಲ್ಲೂಕಿನ ಹಳಬರನ್ನು ಮಾತಾಡಿಸುತ್ತಾ ಹೊರಟೆವು.

ಯಾವ ಮಿಲಿಟ್ರಿ?

ಮದ್ದೂರಿನಲ್ಲಿ ಒಬ್ಬರು ಮೆಕ್ಯಾನಿಕ್ ಸಾಹೇಬರಿದ್ದಾರೆ, ಅವರ ತಂದೆ ಜ್ವರದ ಡಾಕ್ಟರ ಜೀಪು ರಿಪೇರಿ ಮಾಡುತ್ತಿದ್ದರು ಅಂತ ಸುದ್ದಿ ಸಿಕ್ಕಿತು. ಅವರ ಗ್ಯಾರೇಜು ಎಲ್ಲಿ ಅಂತ ಬೀಡಾ ಅಂಗಡಿಯವನನ್ನು ಕೇಳಿದೆ. ಅವನು ಕಾರಿನೊಳಗೆ ಬಗ್ಗಿ ನೋಡಿ, "ಅಮ್ಮಾವ್ರು ಯಾರು?" ಅಂದ.

ನಾನು ಎದೆ ಸೆಟೆಸಿ, "ಮಿಲಿಟ್ರೀಲಿದ್ದೋರು. ಮೂವತ್ತು ವರ್ಸ ಸರ್ವಿಸು!" ಅಂದೆ.

"ಯಾವ ಮಿಲಿಟ್ರಿ? ಬಸ್‌ಸ್ಟ್ಯಾಂಡ್ ಇಂದ್ಗಡೇದಾ?"

ತಪ್ಪು ಅವನದಲ್ಲ. ನಮ್ಮ ಕಡೆ ಮಿಲಿಟ್ರಿ ಅಂದರೆ ಯಾರಿಗೂ ಗಡಿ ನೆನಪಾಗೋದಿಲ್ಲ, ಬಾಡೂಟದ ಹೋಟ್ಲೇ ನೆನಪಾಗೋದು. ಮೇಜರಮ್ಮ ಮೊಟ್ಟೆಯನ್ನೂ ಮುಟ್ಟದವರು. ಅವನು ಕೈ ಮುಗಿದು, "ಮೂವತ್ತು ವರ್ಸಾ! ಅಂಗಾರೆ ತಲೆಮಾಂಸ ಕೊಯ್ಯೋದ್ರಲ್ಲಿ ಎತ್ತಿದ ಕೈ ಅನ್ನಿ," ಅಂದ.

ಮೇಜರಮ್ಮ ಗಾಜು ಇಳಿಸಿ ಅಂದರು: "ಅಲ್ಲೂ ಕೊಯ್ಯೋದೇ ಕಣಪ್ಪ. ಆದರೆ ಕೊಯ್ದ ಮೇಲೆ ಹೊಲಿದು ಮನೆಗೆ ಕಳಿಸ್ತಿದ್ವಿ."

ಆನೆ ಕಾಲು

ಮೆಕ್ಯಾನಿಕ್ ಸಾಹೇಬರಿಗೂ ಆ ಹುಡುಗ ಯಾರು ಅಂತ ಗೊತ್ತಿರಲಿಲ್ಲ. ಸೊಳ್ಳೆಯಿಂದ ಆನೆಕಾಲು ರೋಗವೂ ಬರುತ್ತಲ್ಲ, ಅದೂ ಪುಸ್ತಕದಲ್ಲಿ ಇರಬೇಕಂತೆ. "ಕಾಡಂಚಿನಲ್ಲಿ, ಬ್ಲಫ್ ಕಡೆ ಹಳ್ಳಿಗಳಲ್ಲಿ ಯಾರಾದರೂ ಇದ್ದಾರಾ ವಿಚಾರಿಸು," ಅಂದರು. ನಾನು ಒಬ್ಬ ಪಂಚಾಯ್ತಿ ಮೆಂಬರಿಗೆ ಫೋನ್ ಹಚ್ಚಿ, "ಮಂಡ್ಯದಿಂದ ಮೇಜರಮ್ಮಾವ್ರು ಆನೆಕಾಲು ನೋಡಕ್ಕೆ ಬತ್ತಾವ್ರೆ, ಇದ್ರೆ ತೋರ್ಸಿ," ಅಂದೆ.

"ಇದ್ರೆ ಅಂದ್ರೇನ್ಲಾ? ಬೇಕಾದಷ್ಟವೆ! ಬೇಗ ಬನ್ನಿ, ಮಳೆ ಬಂದ್ರೆ ಓಯ್ತವೆ," ಅಂದರು ಮೆಂಬರು.

ಮಳೆಗೂ ರೋಗಕ್ಕೂ ಏನು ಸಂಬಂಧ ಅಂತ ನನಗೆ ಹೊಳೆಯಲಿಲ್ಲ. ಏಳನೇ ಕ್ಲಾಸು.

ಹೋದರೆ ಅರ್ಧ ಊರೇ ಪಹಣಿ ಹಿಡಿದು ನಿಂತಿದೆ. ಮೇಜರಮ್ಮನನ್ನು ಗದ್ದೆ ಬದುವಿನ ಮೇಲೆ ನಡೆಸಿಕೊಂಡು ಹೋದರು. ಒಬ್ಬ ಯಜಮಾನರು ಕೆಸರಲ್ಲಿ ಬೋರಲು ಹಾಕಿದ್ದ ಮಂಕರಿ ಬುಟ್ಟಿಯನ್ನು ದೇವರ ಮುಂದಿನ ತೆರೆ ಸರಿಸಿದಂತೆ ಎತ್ತಿದರು. ಅಡಿಯಲ್ಲಿ ಮೊರದಗಲ ಆನೆ ಹೆಜ್ಜೆ!

"ಇದು ಮುಂಗಾಲು ಕಣವ್ವ. ಇಂಗಾಲು ಬಾಳೆತೋಟದಾಗದೆ. ಪರಿಹಾರಕ್ಕೆ ಎಲ್ಲಾ ಬರ್ಕಳಿ, ಒಂದು ಗೊನೇನೂ ಉಳಿಸಿಲ್ಲ ಮುಂಡೇದು."

ಮೇಜರಮ್ಮ ನನ್ನ ಕಡೆ ಒಂದು ನೋಟ ನೋಡಿದರು. ಆಮೇಲೆ ಸಮಾಧಾನವಾಗಿ, ತಾನು ಬಂದಿದ್ದು ಆನೆಯ ಕಾಲಿಗಲ್ಲ, ಊದಿಕೊಂಡು ಆನೆ ಕಾಲಿನ ಹಾಗಾಗೋ ಮನುಷ್ಯರ ಕಾಲಿಗೆ ಅಂತ ವಿವರಿಸಿದರು.

ಯಜಮಾನರು ಪಂಚೆ ಮೊಣಕಾಲಿಗೆ ಎತ್ತಿ ಅಂದರು: "ಅದ್ನ ಮೊದ್ಲೇ ಏಳ್ಬಾರ್ದಾ! ನಾಯಿ ತುಳಿದುಬುಟ್ಟವು ಅಂತ ಮೂರು ದಿಸದಿಂದ ಈ ಎಜ್ಜೆ ಕಾಯ್ತಾ ನಿಂತು ನಿಂತು ನಂದೇ ಊದ್ಕಂಡದೆ. ಬಂದಿದ್ದೀರಿ, ಇದ್ನೇ ನೋಡ್ಕಂಡು ಓಗಿ!"

ಸೆಲ್ಯೂಟು

ಮಳವಳ್ಳಿಯಿಂದ ವಾಪಸ್ಸು ಬರುವಾಗ ಕಬ್ಬಿನಹಾಲಿನ ಗಾಡಿ ಹತ್ತಿರ ನಿಲ್ಲಿಸಿದೆ. ಲುಂಗಿ ಉಟ್ಟು ನಿಂತಿದ್ದ ಒಬ್ಬ ದಾಂಡಿಗ ಮೇಜರಮ್ಮನನ್ನು ಕಂಡದ್ದೇ ಬೆಚ್ಚಿಬಿದ್ದ. ರಜಕ್ಕೆ ಬಂದ ಸೈನಿಕ. ಮಿಲಿಟರಿಗೆ ಸೇರಿದ ಹೊಸದರಲ್ಲಿ ಅವನಿಗೆ ಮಲೇರಿಯಾ ಬಂದಿತ್ತಂತೆ, ಕಹಿ ಮಾತ್ರೆ ಉಗುಳಿದಾಗಲೆಲ್ಲ ಮೂಗು ಹಿಡಿದು ನುಂಗಿಸಿದವರು ಇವರೇ. ಅವನು ಅಲ್ಲೇ ಅಟೆನ್ಷನ್ನಿನಲ್ಲಿ ನಿಂತ. ಒಂದು ಕೈ ಹಣೆಗೆ ಹೋಯಿತು, ಇನ್ನೊಂದು ಕೈ ಕಾನೂನು ಪ್ರಕಾರ ತೊಡೆ ಪಕ್ಕಕ್ಕೆ ಹೋಯಿತು. ಲುಂಗಿ ಹಿಡಿದುಕೊಂಡಿದ್ದದ್ದು ಆ ಕೈಯೇ.

ಮೇಜರಮ್ಮ ಆಕಾಶ ನೋಡಿದರು. ಕಬ್ಬಿನಹಾಲಿನವನು ಕೂಗಿದ: "ಅಣ್ಣೋ, ದೇಸದ ಗಡಿ ಆಮ್ಯಾಕೆ ಕಾಯಿವಂತೆ, ಮೊದ್ಲು ನಿನ್ ಗಡಿ ನೋಡ್ಕೊ!"

ಪ್ಯಾರಾಸೈಟು

ಕೃಷಿ ಕಾಲೇಜಿರೋ ವಿ.ಸಿ. ಫಾರಂ ಹತ್ತಿರ ಒಂದು ಅರಳಿಕಟ್ಟೆಯಲ್ಲಿ ನಾಲ್ಕೈದು ಮುದುಕರು ಸಿಕ್ಕರು. ಸೊಳ್ಳೆ ಹಿಡಿಯೋ ಹುಡುಗನ ವಿಷಯ ಅವರಿಗೂ ಗೊತ್ತಿಲ್ಲ. ಆದರೆ ಜ್ವರ ಹೇಗೆ ಬರುತ್ತೆ ಅಂತ ಕೇಳಿದರು. ಮೇಜರಮ್ಮನಿಗೆ ಅಷ್ಟು ಸಾಕು.

"ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನ ಜೊತೆ ಪ್ಯಾರಾಸೈಟು ಒಳಗೆ ಬರುತ್ತೆ."

ತೂಕಡಿಸುತ್ತಿದ್ದ ಒಬ್ಬರು ಕಣ್ಣು ಬಿಟ್ಟರು. "ಸೈಟಾ? ಎಲ್ಲಿ?"

"ಮೊದಲು ನಮ್ಮ ಲಿವರ್‌ನಲ್ಲಿ. ಅಲ್ಲಿ ಮನೆ ಮಾಡ್ಕೊಂಡು, ಮಕ್ಕಳುಮರಿ ಮಾಡ್ಕೊಂಡು, ಆಮೇಲೆ ರಕ್ತಕ್ಕೆ ಇಳಿಯುತ್ತೆ."

ಆ ತೂಕಡಿಕೆಯ ಮುದುಕರು ಎದ್ದು ಕೂತರು. "ನಮ್ಮಪ್ಪ ಬುಟ್ಟೋದ ಜಾಗಕ್ಕೆ ಇಪ್ಪತ್ತು ವರ್ಸದಿಂದ ತಾಲ್ಲೂಕಾಪೀಸು ಸುತ್ತಿದ್ರೂ ನಂಗೆ ಖಾತೆ ಆಗಿಲ್ಲ. ನಿನ್ನೆ ಬಂದ ಸೊಳ್ಳೆ ಅದೆಂಗಮ್ಮ ಮನೇನೇ ಕಟ್ಬುಡ್ತು?"

ಹೆಸರು

ಎರಡು ತಿಂಗಳಾಯಿತು, ಹುಡುಗ ಸಿಗಲಿಲ್ಲ. ಅಚ್ಚಿನವರು ದಿನಾ ಫೋನ್ ಮಾಡುತ್ತಿದ್ದರು. ಮೇಜರಮ್ಮ ಕಾರಿನಲ್ಲಿ ಮಾತು ಕಮ್ಮಿ ಮಾಡಿದರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಒಂದು ದಿನ ಬಸ್ಸು ತಪ್ಪಿಸಿಕೊಂಡ ಅಜ್ಜಿಯೊಬ್ಬಳನ್ನು ಹತ್ತಿಸಿಕೊಂಡೆವು. ಮೇಜರಮ್ಮ ಅಭ್ಯಾಸದಂತೆ ಕೇಳಿದರು. ಅಜ್ಜಿ ಎಲೆ ಅಡಿಕೆ ಒಂದು ಕಡೆ ಒತ್ತಿಕೊಂಡು ನಕ್ಕಳು. "ಅವ್ನಾ? ನಮ್ಮಣ್ಣನ ಜೊತೆಗಾರ. ಕೊತ್ತತ್ತಿ ಪಕ್ಕದಲ್ಲೇ ಅವ್ನೆ. ಸೊಳ್ಳೆ ಅಂತ ಮಾತ್ರ ಅನ್ಬೇಡಿ, ದೊಣ್ಣೆ ತಗಂಡು ಬತ್ತಾನೆ."

ಅವಳು ಹೇಳಿದ ಮನೆಗೆ ಹೋದೆವು. ತೊಂಬತ್ತರ ಹತ್ತಿರದ ಯಜಮಾನರು, ಬಿಳೀ ಮೀಸೆ, ಊರಿನ ನ್ಯಾಯಪಂಚಾಯ್ತಿ ಎಲ್ಲಾ ಅವರ ಜಗಲಿ ಮೇಲೇ. ಕಾಫಿ ಕೊಟ್ಟರು. ಮೇಜರಮ್ಮ ಸುತ್ತಿ ಬಳಸಿ ಹಳೇ ಜ್ವರದ ಮಾತು ತೆಗೆದರು.

"ಜ್ವರವಾ? ನಮ್ಮೂರಲ್ಲಿ ಸೊಳ್ಳೇನೇ ಇರ್ನಿಲ್ಲ," ಅಂದರು ಯಜಮಾನರು.

ಅನ್ನೋ ಹೊತ್ತಿಗೆ ಅವರ ಮೊಣಕಾಲ ಕೆಳಗೇ ಒಂದು ಬಂದು ಕೂತಿತು. ಅವರು ಹೊಡೆಯಲಿಲ್ಲ. ಬಾಯಿ ಮಾತಾಡುತ್ತಲೇ ಇತ್ತು, ಕೈ ತಾನಾಗಿ ಖಾಲಿ ಗಾಜಿನ ಲೋಟ ತಗೊಂಡು ಅದರ ಮೇಲೆ ಬೋರಲು ಹಾಕಿತು, ಇನ್ನೊಂದು ಕೈ ಅಡಿಗೆ ಕ್ಯಾಲೆಂಡರ್ ಹಾಳೆ ತೂರಿಸಿತು. ಲೋಟ ಬೆಳಕಿಗೆ ಎತ್ತಿ ಹಿಡಿದು ಅಂದರು: "ಎಣ್ಣು. ಜ್ವರದ್ದಲ್ಲ. ಜ್ವರದ್ದು ತಿಕ ಮ್ಯಾಕೆತ್ತಿ ಕೂತ್ಕತ್ತದೆ."

ಮೊಮ್ಮಕ್ಕಳು ಬಾಗಿಲಿಗೆ ಬಂದರು.

"ಹೆಣ್ಣು ಅಂತ ಹೇಗೆ ಹೇಳ್ತೀರಿ?" ಮೇಜರಮ್ಮ ಪೆನ್ನು ತೆಗೆದರು.

"ಮೀಸೆ ನೋಡಿ. ಗಂಡಿಗೆ ಪೊದೆ ಮೀಸೆ," ಅಂದವರು ಆಗ ಎಚ್ಚರಾಗಿ, ಲೋಟ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಸಿಕ್ಕಾಕಂಡ್ನಲ್ಲಪ್ಪ! ಆ ಕೆಲಸಕ್ಕೆ ಓಗಿ ಸೊಳ್ಳೆಸಿದ್ದ ಅಂತ ಎಸ್ರು ಬಿತ್ತು ಕಣಮ್ಮ. ಸೊಳ್ಳೆಸಿದ್ದಂಗೆ ಎಣ್ಣು ಕೊಡಕಿಲ್ಲ ಅಂತ ಮೂರು ಸಂಬಂದ ಮುರಿದೋದ್ವು. ಆ ಎಸ್ರು ಗೊತ್ತಿದ್ದೋರ ತಿಥಿ ಎಲ್ಲಾ ಒಂದೊಂದಾಗಿ ಉಂಡು ಈಗೊಂದೆಲ್ಡು ವರ್ಸ ನೆಮ್ಮದಿಯಾಗಿದ್ದೆ. ನೀವು ಬಂದ್ರಾ?"

ಮೇಜರಮ್ಮ ತಮ್ಮ ವರದಿ ತೆಗೆದು, ಅವರ ಕಾಲ ಮೇಲೆ ಕೂತ ಸೊಳ್ಳೆಯಿಂದ ಡಾಕ್ಟರುಗಳಿಗೆ ಏನು ಗೊತ್ತಾಯಿತು, ಅದರಿಂದ ಎಷ್ಟು ಮನೆಯ ಮಕ್ಕಳು ಬದುಕಿದವು ಅಂತ ಓದಿ ಹೇಳಿದರು. ಆಮೇಲೆ ಪೆನ್ನು ಮುಚ್ಚಿದರು. "ನಿಮಗೆ ಬೇಡ ಅಂದರೆ ಬರೆಯಲ್ಲ. ಕಾಲೂ ನಿಮ್ಮದು, ಹೆಸರೂ ನಿಮ್ಮದು."

ಕಾರಿಗೆ ಬಂದು ಕೂತೆವು. ಗಾಡಿ ಸ್ಟಾರ್ಟ್ ಮಾಡಿದ್ದೆ.

"ಲೇ ಡ್ರೈವರು, ನಿಲ್ಸಲಾ!" ಯಜಮಾನರು ಕೋಲೂರಿಕೊಂಡು ಬಂದು ಕಿಟಕಿ ಹಿಡಿದರು. "ಬರ್ಕಳಮ್ಮ. ಸಿದ್ದೇಗೌಡ."

ಮೇಜರಮ್ಮ ಬರೆದುಕೊಂಡು, ಕಣ್ಣೊರೆಸಿಕೊಂಡು, ಓದಿದರು: "ಸಿದ್ದೇಗೌಡರು."

ಯಜಮಾನರ ಮುಖ ಕೆಂಪಾಯಿತು. "ಬರೀ ಸಿದ್ದೇಗೌಡ ಅಂತ ಆಕುದ್ರಾ? ಈ ಊರಲ್ಲಿ ಏಳು ಜನ ಸಿದ್ದೇಗೌಡ್ರು ಅವ್ರೆ! ಆ ಮೂಲೆಮನೆಯೋನು ನಾನೇ ಅಂತ ನಾಳೆಯಿಂದ ಕಾಲು ತೋರಿಸ್ಕಂಡು ತಿರುಗ್ತಾನೆ. ಎಸ್ರಿಗೆ ಮುಂಚೆ ದಪ್ಪಕ್ಷರದಲ್ಲಿ ಸೊಳ್ಳೆ ಅಂತ ಸೇರ್ಸಿ!"