ಕಲ್ಲುಬೆಂಚಿಗೆ ಬಂದ ಪಕ್ಷ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಶಾಮಿಯಾನದ ಅಂಗಡಿ. ಕುರ್ಚಿ, ಮೈಕು, ಸ್ಟೇಜು ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇವೆ. ಈ ನಾಡನ್ನು ಉಳಿಸಬೇಕೆಂದು ಯಾರಿಗೇ ಅನ್ನಿಸಿದರೂ ಅವರಿಗೆ ಮೊದಲು ಬೇಕಾಗುವುದು ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ. ಹಾಗಾಗಿ ನಾನು ನನ್ನ ಪಾಡಿಗೆ ಸುಮ್ಮನೆ ಕೂತಿದ್ದರೂ ಇಂಥ ಪ್ರಸಂಗಗಳು ತಾವೇ ಅಂಗಡಿ ಹುಡುಕಿಕೊಂಡು ಬರುತ್ತವೆ.

ಅಂಗಡಿ ಮುಂದೆ ಒಂದು ಕಲ್ಲುಬೆಂಚಿದೆ. ಒಂದು ಕಾಲಕ್ಕೆ ಸಂಜೆಯಾದರೆ ಅದರ ಮೇಲೆ ಜಾಗಕ್ಕೇ ಜಗಳ. ಗಣಿತದ ಮೇಷ್ಟ್ರು, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಮಾರುತ್ತಿದ್ದವರು, ತರಗುಪೇಟೆಯ ಬೇಳೆ ವ್ಯಾಪಾರಿ, ಜೊತೆಗೆ ನಾನು. ಮೇಷ್ಟ್ರು ಮನೆ ಮಾರಿ ಕನಕಪುರ ರಸ್ತೆಯ ಫ್ಲಾಟಿಗೆ ಹೋದರು. ಲಗ್ನಪತ್ರಿಕೆಯವರು ಯಲಹಂಕದಾಚೆ. ಬೇಳೆಯವರು ಇನ್ನೂ ದೂರ, ವಾಪಸ್ಸು ಬರಲು ಬಸ್ಸಿಲ್ಲದ ಕಡೆ ಹೋದರು. ಈಗ ಆ ಬೆಂಚಿನ ಮೇಲೆ ಯಾರೋ ತಿಂದು ಬಿಟ್ಟ ಪಾರ್ಸೆಲ್ ಡಬ್ಬಿ ಕೂತಿರುತ್ತದೆ. ಸಂಜೆ ಆಗುತ್ತಲೇ ನನಗೆ ಎದೆಯೊಳಗೆ ಖಾಲಿ ಖಾಲಿ ಅನ್ನಿಸುತ್ತದೆ, ಸುಳ್ಳೇಕೆ ಹೇಳಲಿ. ಹೊಸ ಪ್ರಾದೇಶಿಕ ಪಕ್ಷ ನಮ್ಮ ವಾರ್ಡಿಗೆ ಕಾಲಿಟ್ಟಾಗ ನನಗೆ ಅದರ ಸಿದ್ಧಾಂತ ಬೇಕಿರಲಿಲ್ಲ. ಬೆಂಚಿಗೆ ಜನ ಬೇಕಿತ್ತು.

ತುಂಬಿದ ಸಭೆ

ಪಕ್ಷದ ವಾರ್ಡ್ ಅಧ್ಯಕ್ಷರು ಸೈಟು, ಮನೆ ಕೊಡಿಸುವ ವ್ಯವಹಾರದವರು. ತಂದೆಯ ಕಾಲಕ್ಕೆ ಮಾಗಡಿ ಕಡೆಯಿಂದ ಬಂದ ಕುಟುಂಬ. ಕಾರ್ಪೊರೇಷನ್ ಟಿಕೆಟ್ಟಿನ ಮೇಲೆ ಕಣ್ಣು.

"ಯಜಮಾನ್ರೇ, ಜನ ಸೇರ್ಸಿ ತೋರ್ಸಿದ್ರೆ ಮಾತ್ರ ಟಿಕೆಟ್ ಅಂದವ್ರೆ ಮೇಲಿನೋರು. ಕುರ್ಚಿ ಜಾಸ್ತೀನೇ ಹಾಕ್ಸಿ" ಎಂದರು.

ಜಾಗ ಸಿಕ್ಕಿದ್ದು ಬಸ್ ಸ್ಟಾಪಿನ ಪಕ್ಕದಲ್ಲಿ. ಹಾಕಿಸಿದೆ. ನೋಡುತ್ತಾ ನೋಡುತ್ತಾ ಕುರ್ಚಿಗಳೆಲ್ಲ ಭರ್ತಿ. ಅಧ್ಯಕ್ಷರಿಗೆ ಹುರುಪು ಬಂತು. "ಹೊರಗಿನವರು ಬಂದು ನಮ್ಮ ನೀರು, ನಮ್ಮ ಕೆಲಸ, ನಮ್ಮ ಜಾಗ..." ಎಂದು ದನಿ ಏರಿಸುತ್ತಿದ್ದಂತೆ ಇಡೀ ಸಭೆ ಒಟ್ಟಿಗೆ ಎದ್ದು ನಿಂತಿತು. ಅಧ್ಯಕ್ಷರು ಗದ್ಗದಿತರಾಗಿ ಕೈಮುಗಿದರು. ಸಭೆ ಅವರ ಮುಂದಿನಿಂದಲೇ ಓಡಿಹೋಗಿ ಬನಶಂಕರಿ ಬಸ್ಸು ಹತ್ತಿಕೊಂಡಿತು.

ಹಿಂದಿನ ಸಾಲಿನಲ್ಲಿ ಕನ್ನಡಕ ಹಾಕಿದ ಒಬ್ಬರು ಮಾತ್ರ ಅಲುಗಾಡದೆ ಕೂತು ಕೊನೆಯವರೆಗೂ ಕೇಳಿದರು. ಆಗ ಯಾರೂ ಅವರನ್ನು ಅಷ್ಟಾಗಿ ಗಮನಿಸಲಿಲ್ಲ.

ಕುರ್ಚಿ ಜೋಡಿಸುತ್ತಿದ್ದಾಗ ಅಧ್ಯಕ್ಷರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಯಜಮಾನ್ರೇ, ಬಸ್ಸು ಲೇಟಾಗಿ ಬರೋ ರೂಟು ಯಾವ್ದಾದ್ರೂ ಗೊತ್ತಾ ನಿಮ್ಗೆ?"

ಹಿಟ್ಟಿನ ಗಿರಣಿ

ಮುಂದಿನ ಸಭೆ ನಮ್ಮ ಬೀದಿಯಲ್ಲೇ ನಡೆಯಿತು. ಜನವಿಲ್ಲ. ಹೊತ್ತು ಕಳೆಯಲು ಅಧ್ಯಕ್ಷರು ಮೈಕಿನಲ್ಲಿ, "ನಾನು ಚಿಕ್ಕೋನಿದ್ದಾಗ ಈ ಮೂಲೇಲಿ ಒಂದು ಸೋಡಾ ಅಂಗಡಿ ಇತ್ತು" ಎಂದರು.

ಮೇಲಿನ ಕಿಟಕಿ ತೆರೆಯಿತು. ನಮ್ಮ ಬೀದಿಯ ಅಜ್ಜಿ, ಯಾರದೇ ತಪ್ಪನ್ನು ಮನೆಯೊಳಗಿದ್ದುಕೊಂಡೇ ತಿದ್ದುವವರು, ತಲೆ ಹೊರಗೆ ಹಾಕಿದರು. "ಸೋಡಾ ಅಂಗ್ಡಿ ಅಲ್ಲಪ್ಪಾ, ಅದು ಹಿಟ್ಟಿನ ಗಿರಣಿ. ಸೋಡಾ ಇದ್ದಿದ್ದು ಎದುರುಗಡೆ."

"ಎದುರುಗಡೆ ಇದ್ದಿದ್ದು ಸೈಕಲ್ ಶಾಪು" ಎಂದು ಇನ್ನೊಂದು ಮನೆಯಿಂದ ಬಂತು. ಬಾಗಿಲುಗಳು ಒಂದೊಂದಾಗಿ ತೆರೆದವು. ನೋಡಿದರೆ ಬೀದಿಗೆ ಬೀದಿಯೇ ಹೊರಗೆ ಬಂದು ವಾದ ಮಾಡುತ್ತಿದೆ. ಅಧ್ಯಕ್ಷರಿಗೆ ಗುಟ್ಟು ಹೊಳೆದುಬಿಟ್ಟಿತು. ಮುಂದೆ ಏನು ಮಾಡುತ್ತೇನೆ ಎಂದರೆ ಯಾರೂ ಬರುವುದಿಲ್ಲ, ಹಿಂದೆ ಏನಿತ್ತು ಎಂದರೆ ಎಲ್ಲರೂ ಬರುತ್ತಾರೆ.

ಅಂದಿನಿಂದ ಭಾಷಣವೆಂದರೆ ಬರೀ ಹಳೆಯ ಊರು. ಬೀದಿ ನಲ್ಲಿ, ಹುಣಸೆಮರ, ಬಿನ್ನಿಪೇಟೆಯ ಮಿಲ್ಲಿನ ಸೈರನ್ನು. ಆ ಸೈರನ್ ಕೂಗಿದಾಗಲೇ ನಮ್ಮಪ್ಪ ಅಂಗಡಿ ಬಾಗಿಲು ತೆಗೆಯುತ್ತಿದ್ದದ್ದು. ಅದರ ಹೆಸರೆತ್ತಿದಾಗ ನನ್ನ ಕಣ್ಣೂ ಒದ್ದೆಯಾಯಿತು. ಸಭೆ ಮುಗಿದ ಮೇಲೆ ಜನ ನನ್ನ ಬೆಂಚಿನ ಮೇಲೆ ಕೂತು ಮಾತು ಮುಂದುವರಿಸತೊಡಗಿದರು. ನನಗೆ ಅಷ್ಟೇ ಸಾಕಾಗಿತ್ತು. ಪಕ್ಷದವರು ಶಲ್ಯ ಹೊದಿಸಿದರೆ ಹೊದಿಸಿಕೊಂಡೆ.

ಹೀಗೇ ಒಂದು ಸಂಜೆ ಜನ ಕಣ್ಣೊರೆಸಿಕೊಳ್ಳುತ್ತಿರುವಾಗ ಅಧ್ಯಕ್ಷರು ಮೇಜು ಕುಟ್ಟಿ ಕೇಳಿದರು, "ಇದನ್ನೆಲ್ಲ ನಮ್ಮಿಂದ ಕಿತ್ಕೊಂಡೋರು ಯಾರು? ಹೊರಗಿನೋರು!"

ಕಿಟಕಿಯಿಂದ ಅಜ್ಜಿ ಹೇಳಿದರು, "ಯಾವ ಹೊರಗಿನೋರಪ್ಪಾ? ಗಿರಣಿ ಕೆಡವಿ ಕಾಂಪ್ಲೆಕ್ಸ್ ಕಟ್ಸಿದ್ದು ನಿಮ್ಮ ಭಾವಮೈದ ಅಲ್ವಾ?"

ಪ್ರತಿಜ್ಞೆ

ಅಂದಿನಿಂದ ಜನ ಮತ್ತೆ ತೆಳುವಾದರು. ಬೆಂಚೂ ಖಾಲಿಯಾಯಿತು. ಅಧ್ಯಕ್ಷರು ಹೊಸ ಉಪಾಯ ಹೂಡಿದರು. ಬಂದಷ್ಟು ಜನರನ್ನು ನಿಲ್ಲಿಸಿ, ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸಿದರು: ಇಂದಿನಿಂದ ಯಾರ ಜೊತೆಗೇ ಆಗಲಿ, ಕನ್ನಡದಲ್ಲೇ ಮಾತಾಡುತ್ತೇನೆ. ನಾನೂ ಕೈ ಚಾಚಿದೆ, ಹಿಂದಿನ ಸಾಲಿನ ಕನ್ನಡಕದವರೂ ಚಾಚಿದರು.

ಪ್ರತಿಜ್ಞೆ ಮುಗಿಸಿ ಎಲ್ಲರೂ ಮೂಲೆಯ ಪಾನಿಪೂರಿ ಗಾಡಿಗೆ ಹೋದೆವು. ಅಧ್ಯಕ್ಷರೇ ಮುಂದೆ ನಿಂತು, "ಭಯ್ಯಾ, ಸಬ್‌ಕೋ ಏಕ್ ಏಕ್ ಪ್ಲೇಟ್ ದೇನಾ" ಎಂದರು.

ಗಾಡಿಯವನು ಪೂರಿ ಒಡೆಯುತ್ತಾ ಕೇಳಿದ, "ಖಾರ ಜಾಸ್ತಿ ಹಾಕ್ಲಾ ಅಣ್ಣಾ?"

"ಹಾ ಹಾ, ಬಹುತ್ ಡಾಲೋ" ಎಂದರು ಅಧ್ಯಕ್ಷರು.

ಮೊದಲ ಸದಸ್ಯ

ಇದು ನಮ್ಮವರ ಹಳೇ ಚಾಳಿ. ತಮಿಳರು ಬಂದರೆ ತಮಿಳು, ತೆಲುಗರು ಬಂದರೆ ತೆಲುಗು. ಎದುರಿನವರಿಗೆ ಕಷ್ಟವಾಗಬಾರದು ಎನ್ನುವ ಮರ್ಯಾದೆ. ಅವರಿಗೆ ಕನ್ನಡ ಬರುತ್ತದೆಯೇ ಎಂದು ಕೇಳುವಷ್ಟು ಪುರಸೊತ್ತು ನಮಗಿಲ್ಲ.

ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕ್ ಅಧಿಕಾರಿ ಬಿಹಾರದವರು. ಹಿಂದಿನ ಸಾಲಿನಲ್ಲಿ ಅಲುಗದೆ ಕೂರುತ್ತಿದ್ದ ಕನ್ನಡಕದವರು ಅವರೇ. ದಿನಾ ಸಂಜೆ ನನ್ನ ಅಂಗಡಿ ಮುಂದೆ ನಿಂತು, "ನಮಸ್ಕಾರ ಯಜಮಾನರೇ, ತಾವು ಕ್ಷೇಮವೇ?" ಎನ್ನುತ್ತಿದ್ದರು. ನಾನು, "ಅಚ್ಛಾ ಹೈ, ಅಚ್ಛಾ ಹೈ" ಎನ್ನುತ್ತಿದ್ದೆ. ಅವರ ಮುಖ ಸಪ್ಪಗಾಗುತ್ತಿತ್ತು. ನನ್ನ ಹಿಂದಿ ಸರಿಯಿಲ್ಲವೇನೋ ಎಂದುಕೊಂಡು ನಾನು ಇನ್ನಷ್ಟು ಹಿಂದಿ ಮಾತಾಡುತ್ತಿದ್ದೆ.

ಕೊನೆಗೊಂದು ದಿನ ಪಕ್ಷದ ಹಿರಿಯ ನಾಯಕರೇ ಬಂದರು. ಹೊಸ ಸದಸ್ಯರು ಸ್ಟೇಜಿಗೆ ಬಂದು ನಾಲ್ಕು ಮಾತಾಡಬೇಕು, ಅದನ್ನು ನೋಡಿ ಟಿಕೆಟ್ ತೀರ್ಮಾನ. ಅಧ್ಯಕ್ಷರು ಮೈಕಿನಲ್ಲಿ ಕರೆದರು, ಮತ್ತೆ ಮತ್ತೆ ಕರೆದರು. ಯಾರೂ ಏಳಲಿಲ್ಲ. ಅವರ ಹಣೆ ಬೆವರುತ್ತಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

ಬ್ಯಾಂಕಿನವರು ಸ್ಟೇಜು ಹತ್ತಿ ಕೈಮುಗಿದರು. "ಮಾನ್ಯರೇ, ನಾನು ಸ್ವಇಚ್ಛೆಯಿಂದ ಈ ಪಕ್ಷವನ್ನು ಸೇರಲು ಬಂದಿದ್ದೇನೆ."

ಒಂದೇ ಒಂದು ಇಂಗ್ಲಿಷ್ ಪದವಿಲ್ಲ. ನಾಯಕರಿಗೆ ಮೈ ಜುಮ್ಮೆಂದಿತು. "ನೋಡ್ರೀ, ಭಾಷೆ ಅಂದ್ರೆ ಇದು. ಇಂಥೋರು ನಿಲ್ಬೇಕು ಎಲೆಕ್ಷನ್ಗೆ. ಯಾವ ಕಡೆಯೋರಪ್ಪಾ ನೀವು, ಬಸವನಗುಡೀನಾ, ಮಲ್ಲೇಶ್ವರಾನಾ?"

"ಪಟ್ನಾ ಸಾರ್" ಎಂದರು.

ಅಧ್ಯಕ್ಷರೇ ಗಂಟಲು ಸರಿಮಾಡಿಕೊಂಡು, "ಅಲ್ಲಾ ಸಾರ್, ನಿಮ್ಮನ್ನ ಊರು ಬಿಟ್ಟು ಹೋಗಿ ಅಂತಿರೋರೇ ನಾವು. ನೀವ್ಯಾಕೆ ಸೇರ್ತೀರಿ?" ಎಂದರು.

"ಗೊತ್ತು ಸಾರ್. ಬ್ಯಾಂಕಿನಲ್ಲಿ ಗ್ರಾಹಕರು ಕನ್ನಡ ಮಾತನಾಡು ಎಂದು ಕೂಗುತ್ತಾರೆ. ಮಾತನಾಡಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಈ ಊರಿನಲ್ಲಿ ಯಾರೂ ನನ್ನೊಂದಿಗೆ ಕನ್ನಡ ಮಾತನಾಡುವುದಿಲ್ಲ. ನೀವು ಬಯ್ಯುತ್ತೀರಿ, ಆದರೆ ಕನ್ನಡದಲ್ಲಿ ಬಯ್ಯುತ್ತೀರಿ. ನನಗೆ ಬೇರೆ ದಾರಿ ಇಲ್ಲ ಸಾರ್."

ನಾಯಕರ ಕಣ್ಣು ತುಂಬಿ ಬಂತು. ಎದ್ದು ಹೋಗಿ ಅವರನ್ನು ತಬ್ಬಿಕೊಂಡು, ಬೆನ್ನು ಸವರಿ, ಮೈಕಿನಲ್ಲೇ ಹೇಳಿದರು, "ಬಹುತ್ ಅಚ್ಛಾ ಬೋಲಾ ಬೇಟಾ, ಬಹುತ್ ಅಚ್ಛಾ."

ಬೀದಿ ನಕ್ಕ ನಗುವಿಗೆ ನನ್ನ ಮೈಕು ಕುಯ್ಯೆಂದಿತು. ಟಿಕೆಟ್ಟಿನ ಮಾತು ಅಲ್ಲಿಗೇ ನಿಂತಿತು, ಪಕ್ಷ ಬೇರೆ ವಾರ್ಡಿಗೆ ಹೋಯಿತು.

ಮರುದಿನ ಸಂಜೆ ಬ್ಯಾಂಕಿನವರು ಬಂದು ಅಂಗಡಿ ಮುಂದೆ ನಿಂತರು. ನಾನು ಬೆಂಚು ಒರೆಸಿ, "ಕೂತ್ಕೊಳ್ಳಿ ಸಾರ್" ಎಂದೆ. ಅವರ ಮುಖ ಅರಳಿತು. ಮೇಷ್ಟ್ರ ಬಗ್ಗೆ ಹೇಳಿದೆ, ಬೇಳೆಯವರ ಬಗ್ಗೆ ಹೇಳಿದೆ, ಗಿರಣಿಯ ಜಾಗ ತೋರಿಸಿದೆ, ಮಿಲ್ಲಿನ ಸೈರನ್ನಿಗೆ ಬಂದೆ. ಅಲ್ಲಿಯವರೆಗೆ ಕೇಳುತ್ತಿದ್ದವರು ಮೆಲ್ಲಗೆ ಹೇಳಿದರು, "ನಮ್ಮ ಊರಿನಲ್ಲಿ ಸಕ್ಕರೆ ಮಿಲ್ಲು ಇತ್ತು. ಅದರ ಸೈರನ್ ಕೇಳಿ ನನ್ನ ತಂದೆ ಗಡಿಯಾರ ಸರಿಮಾಡುತ್ತಿದ್ದರು. ಅದನ್ನೂ ಮುಚ್ಚಿಬಿಟ್ಟರು."

ಎಷ್ಟೋ ಕಾಲದ ಮೇಲೆ ಬೆಂಚಿನ ಆ ತುದಿಯಲ್ಲಿ ಒಬ್ಬರು ನನ್ನ ಮಾತು ಕೇಳಿ ತಮ್ಮದೊಂದನ್ನು ಸೇರಿಸಿದ್ದರು. ಎಲ್ಲವನ್ನೂ ಮರೆತು ಕೇಳಿದೆ, "ಅಚ್ಛಾ? ಫಿರ್ ಕ್ಯಾ ಹುವಾ?"

ಅವರು ನನ್ನ ಕೈ ಹಿಡಿದು, ಮುಂದಕ್ಕೆ ಚಾಚಿಸಿ, "ಯಜಮಾನರೇ, ಪ್ರತಿಜ್ಞೆ" ಎಂದರು.