ನನ್ನ ಲಿವರಿನ ಗೋಡೌನುಗಳು

ಮೈಮುರಿದು ದುಡಿಯುವವನ ಹತ್ತಿರ ಕಾಯಿಲೆ ಸುಳಿಯುವುದಿಲ್ಲವೆಂದು ಐವತ್ತು ವರ್ಷ ನಂಬಿದ್ದವನು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಜಾವಳಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಗುಂಡಿ ತೆಗೆಯಲು ಸೇರಿ, ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯಾದವನು. ಹಾಗಾಗಿ ಡಾಕ್ಟರು ಸ್ಕ್ಯಾನ್ ನೋಡಿ, "ಲಿವರಲ್ಲಿ ಕೊಬ್ಬು ತುಂಬಿದೆ" ಎಂದಾಗ, ಬೇರೆ ಯಾರದೋ ಫೋಟೋ ಹಿಡಿದಿದ್ದಾರೆ ಅಂದುಕೊಂಡೆ.

"ನಾನು ಕುಡಿಯೋನಲ್ಲ ಸಾರ್."

"ಕುಡೀದಿದ್ರೂ ಬರುತ್ತೆ. ಹೀಗೇ ಬಿಟ್ರೆ ಲಿವರ್ ಗಟ್ಟಿಯಾಗಿ ಕೆಟ್ಟೇ ಹೋಗ್ಬಹುದು. ಈಗಾದ್ರೆ ಇಳಿಸ್ಬಹುದು" ಎಂದು ಚೀಟಿಯ ಹಿಂದೆ ಚಿತ್ರ ಬರೆದರು. ಕಣ್ಣಿಗೆ ಕಾಣದ ಒಂದೊಂದು ಜೀವಕೋಶದೊಳಗೂ ಎಣ್ಣೆಯ ಹನಿ, ಹನಿಗೊಂದು ತೆಳು ಪೊರೆ! ಹೆಚ್ಚಾದ ಕೊಬ್ಬು ಕಂಡಕಂಡಲ್ಲಿ ಹರಿದು ಕೋಶವನ್ನು ಕೆಡಿಸದಂತೆ ಹಿಡಿದಿಟ್ಟು, ಹಸಿದಾಗ ಬಿಚ್ಚಿಕೊಡುವುದು ಅದರ ಕೆಲಸವಂತೆ. ಅತಿಯಾಗಿ ತುಂಬಿದರೆ ಮಾತ್ರ ತೊಂದರೆ.

ನನಗೆ ರೋಮಾಂಚನವಾಯಿತು. ಇದು ನಮ್ಮ ಕಾಫಿ ಗೋಡೌನೇ ಅಲ್ಲವೆ! ಗಾಳಿಯಾಡದಂತೆ ಮೂಟೆ ಒಟ್ಟಿದರೆ ಮುಗ್ಗಲು ಹಿಡಿಯುವುದು ಅಲ್ಲೂ ಅಷ್ಟೆ. ಏಳನೇ ಕ್ಲಾಸಿನವನ ಹೊಟ್ಟೆಯಲ್ಲಿ ಇಷ್ಟೊಂದು ಗೋಡೌನು! ಬಸ್ಸಿನಲ್ಲಿ ಪಕ್ಕ ಕೂತವನಿಗೂ ಬಿಡದೆ ವಿವರಿಸಿದೆ. ಹೊಸ ಫಸಲಿಗೆ ಮುಂಚೆ ಗೋಡೌನು ಖಾಲಿ ಮಾಡುವುದು ನನಗೆ ಗೊತ್ತಿಲ್ಲದ ವಿದ್ಯೆಯೆ? ಒಳಗೆ ಮಾಲು ಬಿಡಬಾರದು, ಮುಗಿಯಿತು. ಮೂರು ದಿನ ಬರೀ ನೀರು ಕುಡಿದೆ. ನಾಲ್ಕನೆಯ ದಿನ ಕಣದಲ್ಲಿ ಹರವಿದ್ದ ಕಾಫಿಯ ಮೇಲೇ ಕುಸಿದು ಬಿದ್ದೆ.

ಡಾಕ್ಟರು ಹಣೆ ಚಚ್ಚಿಕೊಂಡರು. "ಅಲ್ಲ ಮಾರಾಯ್ರೆ, ಊಟ ಪೂರ್ತಿ ನಿಲ್ಲಿಸಿದ್ರೆ ಮೈಯಲ್ಲಿರೋ ಕೊಬ್ಬು ಕರಗಿ ಲಿವರಿಗೇ ಬಂದು ಸೇರ್ಕೊಳ್ಳುತ್ತೆ!" ನಾನು ಮುಂದಿನ ಗೇಟು ಹಾಕಿ ಬೀಗುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಲಾರಿಯಿಂದ ಮಾಲು ಇಳಿಸುತ್ತಿದ್ದರು ಅಂತಾಯಿತು. "ಹಿತಮಿತವಾಗಿ ಉಣ್ಣಿ. ದಿನಾ ನಡೀತೀರಾ?"

"ಇಡೀ ತೋಟ ಸುತ್ತುತ್ತೀನಿ ಸಾರ್."

"ಬೈಕಲ್ಲಿ" ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ.

ಮರುದಿನ ಬೈಕು ಬಿಟ್ಟು ನಡೆದೇ ಹೊರಟೆ. ಮೊದಲ ತಿರುವಿನಲ್ಲೇ ಆಳುಗಳು ಗಿಡದ ಬುಡದಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಒಬ್ಬ ಗೊರಕೆಯನ್ನೇ ಹೊಡೆಯುತ್ತಿದ್ದ. ಎಲ್ಲರಿಗೂ ಹಿರಿಯಳಾದ ಗಿರಿಜಮ್ಮ ನನ್ನನ್ನೇ ಗದರಿದಳು: "ಶಬ್ದ ಇಲ್ದೆ ಹೀಗಾ ಬರೋದು ಮೇಸ್ತ್ರಿಗಳೆ? ಬೈಕೇನಾಯ್ತು?" ಲಿವರಿನ ಕಥೆ ಹೇಳಿದೆ. "ಅಯ್ಯೋ, ಬೇಗ ವಾಸಿಯಾಗ್ಲಿ. ನಾವೆಲ್ಲ ಹರಕೆ ಹೊರ್ತೀವಿ!"

ಆರು ತಿಂಗಳ ಮೇಲೆ ಮತ್ತೊಂದು ಸ್ಕ್ಯಾನ್. ಕೊಬ್ಬು ಮುಕ್ಕಾಲು ಪಾಲು ಇಳಿದಿತ್ತು! ಊರಿಗೆಲ್ಲ ಹೇಳಿದೆ, ಆಳುಗಳಿಗೆ ಮಾತ್ರ ಹೇಳಿಲ್ಲ. ಈಗಲೂ ನಡೆದೇ ಹೋಗುತ್ತೇನೆ. ಇಷ್ಟು ವರ್ಷ ಆ ತೋಟದಲ್ಲಿ ಮೇಸ್ತ್ರಿಕೆ ಮಾಡಿದ್ದು ನಾನಲ್ಲ, ನನ್ನ ಬೈಕು ಅನ್ನುವುದು ಗೊತ್ತಾದ ಮೇಲೆ, ಅದಕ್ಕೂ ಸ್ವಲ್ಪ ರಜ ಕೊಡಬೇಕಲ್ಲ.