ಹಸಿವಿಲ್ಲದ ಕರಡಿ

ಆರ್ವಿಲ್: "ನನಗೆ ಹಸಿವಿಲ್ಲ, ಎಂದಿತು ಕರಡಿ." ಹೀಗೆ ತಾನೇ ನಾನು ಬರೆದಿರೋದು? ಮತ್ತೆ ಚಿತ್ರದಲ್ಲಿ ಅದರ ಬಾಯಲ್ಲಿ ಇದೇನು?

ಲೋರ್ನಾ: ಬ್ಲೂಬೆರಿ ಪೈ.

ಆರ್ವಿಲ್: ಕಾಣತ್ತೆ! ಯಾಕಿದೆ ಅಂತ ಕೇಳಿದೆ.

ಲೋರ್ನಾ: ಕರಡಿ ಹೇಳಿದ್ದನ್ನೆಲ್ಲ ನಂಬಿಬಿಡ್ತೀರಾ ಮೇಷ್ಟ್ರೇ?

ಅಮೆರಿಕದ ಮೇಯ್ನ್‌ನ ನಮ್ಮ ಬೀದಿಯಲ್ಲಿ ಆರ್ವಿಲ್ ಟಿಬಡೋ ನಕ್ಕಿದ್ದನ್ನು ಕಂಡವರಿಲ್ಲ. ಶಾಲೆಯಿಂದ ನಿವೃತ್ತರಾದ ಮೇಲೆ, ಆಗಷ್ಟೇ ಓದಲು ಕಲಿಯುವ ಮಕ್ಕಳಿಗೆಂದು, ಪರರ ತಿಂಡಿ ಮುಟ್ಟದ ಸಜ್ಜನ ಕರಡಿಯ ಕತೆ ಬರೆದಿದ್ದರು. ಪುಟಕ್ಕೊಂದೇ ಸಾಲು. ಚಿತ್ರ ಹೆಂಡತಿ ಲೋರ್ನಾಳದು. ಅವರಿಗೆ ತೋರಿಸದೆಯೇ ಆಕೆ ಎಲ್ಲವನ್ನೂ ಪ್ರಕಾಶಕರಿಗೆ ಕಳಿಸಿಬಿಟ್ಟಿದ್ದಳು. ಅಚ್ಚಿನ ಮಾದರಿ ಪ್ರತಿ ಈಗಷ್ಟೇ ಮನೆಗೆ ಬಂದಿತ್ತು.

ಆರ್ವಿಲ್: ಮುಂದಿನ ಪುಟ. "ಕರಡಿ ಬೇಗ ಮಲಗಿತು." ಎಲ್ಲಿ ಮಲಗಿದೆ? ಪಕ್ಕದ ಮನೆ ಫ್ರಿಜ್ಜಿಗೆ ತಲೆ ತೂರಿಸಿದೆ!

ಲೋರ್ನಾ: ಮಲಗೋವಾಗ ಹಾಕೋ ಟೋಪಿ ತೊಡಿಸಿದೀನಲ್ಲ.

ಆರ್ವಿಲ್: ಜೀವಮಾನವೆಲ್ಲ ಶಿಸ್ತು ಕಲಿಸಿದೋನು ನಾನು. ನನ್ನ ಹೆಸರಲ್ಲಿ ಬರ್ತಿರೋದು ಇದೊಂದೇ ಪುಸ್ತಕ. ಊರೆಲ್ಲ ನನ್ನ ನೋಡಿ ನಗಬೇಕಾ?

ಲೋರ್ನಾ: ಬರೀ ನಿಮ್ಮ ಸಾಲು ಓದಿದ್ರೆ ಮಗು ಅಲ್ಲೇ ತೂಕಡಿಸತ್ತೆ. ಪಾಪ ಅಂತ ಕರಡಿಗೆ ಒಂಚೂರು ಜೀವ ತುಂಬಿದೆ.

ಆರ್ವಿಲ್: ಜೀವ ಅಲ್ಲ, ಕೊಬ್ಬು! ಸಂಪಾದಕಿಗೆ ಹೇಳಿ ಎಲ್ಲಾ ಚಿತ್ರ ತೆಗೆಸ್ತೀನಿ. ಅವಳೇ ನಿನಗೆ ಉಗೀಲಿ.

ಅಷ್ಟರಲ್ಲಿ ಫೋನೇ ಬಡಿದುಕೊಂಡಿತು. ಸಂಪಾದಕಿ ವಿನಿಫ್ರೆಡ್! ಬೈಗುಳ ಹೆಂಡತಿಗೂ ಕೇಳಲೆಂದು ಮೇಷ್ಟ್ರು ಖುಷಿಯಿಂದ ಸ್ಪೀಕರ್ ಒತ್ತಿದರು.

ವಿನಿಫ್ರೆಡ್: ಸಾರ್, ಆಫೀಸಲ್ಲಿ ಎಲ್ರೂ ಹೊಟ್ಟೆ ಹಿಡ್ಕೊಂಡು ನಗ್ತಿದೀವಿ! ಕರಡಿ ಆ ಕಡೆ ಕದೀತಿದೆ, ನೀವು ಈ ಕಡೆ ಗಂಭೀರವಾಗಿ "ಕರಡಿ ಬಲು ಸಾಧು" ಅಂತೀರಲ್ಲ! ಎಂಥಾ ಕಿಲಾಡಿ ಸಾರ್ ನೀವು!

ಲೋರ್ನಾ ಕೈಕಟ್ಟಿ ನೋಡುತ್ತ ನಿಂತಳು.

ಆರ್ವಿಲ್: ಅದು... ಹೌದು. ಬೇಕಂತಲೇ ಹಾಗೆ ಬರೆದೆ.

ವಿನಿಫ್ರೆಡ್: ಇಂಥದ್ದೇ ಇನ್ನೊಂದು ಬರ್ಕೊಡಿ ಸಾರ್!

ಆರ್ವಿಲ್: ಆಗಲಮ್ಮ, ಅದಕ್ಕೇನಂತೆ.

ಫೋನಿಟ್ಟ ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು. ನಾಚಿಕೆ ಎಂಬುದು ಹತ್ತಿರವೂ ಸುಳಿಯಲಿಲ್ಲ.

ಆರ್ವಿಲ್: ಕೇಳಿಸ್ತಾ? ಹಾಸ್ಯ ನನ್ನ ರಕ್ತದಲ್ಲೇ ಇದೆ. ಮುಂದಿನ ಪುಸ್ತಕದಲ್ಲಿ ಇನ್ನೂ ನಗಿಸ್ತೀನಿ ನೋಡ್ತಿರು.

ಲೋರ್ನಾ: ದಮ್ಮಯ್ಯ, ಬೇಡ! ನೀವು ಎಂದಿನ ಹಾಗೆ ಬುದ್ಧಿ ಹೇಳಿ, ಸಾಕು. ತಮಾಷೆ ಮಾಡೋಕೆ ಹೊರಟ್ರೆ ಒಬ್ರೂ ನಗಲ್ಲ.